ಸಿಪ್ಪೆಯೊಳಗಿನ ಕೆಂಪು

ಬ್ಯಾಡಗಿಯ ಪೇಟೆಗೆ ಸೋಮವಾರ ಇಲ್ಲವೆ ಗುರುವಾರ ಹೊಸಬನೊಬ್ಬನು ಬಂದಿಳಿದನೆಂದರೆ, ಊರನ್ನು ನೋಡುವದಕ್ಕಿಂತ ಮುಂಚೆ ಅವನು ಸೀನುತ್ತಾನೆ. ಊರವರಾದ ನಾವು ಸೀನುವದಿಲ್ಲ. ಆ ಘಾಟು ನಮ್ಮ ಉಸಿರಿನಲ್ಲಿಯೇ ಬೆರೆತುಹೋಗಿದೆ. ಮೆಣಸಿನಕಾಯಿಯ ಚೀಲಗಳನ್ನು ಬಿಚ್ಚಿ ಸುರುವಿದ ರಾಶಿಗಳು ಪೇಟೆಯ ಅಂಗಳದ ತುಂಬ ಹಬ್ಬಿರುವಾಗ, ಮುಂಜಾವಿನ ಎಳೆಬಿಸಿಲಿನಲ್ಲಿ ಆ ಕೆಂಪನ್ನು ಒಮ್ಮೆ ನೋಡಬೇಕು. ಡಬ್ಬಿಯೆಂದೂ ಕಡ್ಡಿಯೆಂದೂ ಅದರಲ್ಲಿ ಎರಡು ಜಾತಿ. ಡಬ್ಬಿ ಗಿಡ್ಡದು, ದುಂಡುಮೈಯದು. ಕಡ್ಡಿ ಉದ್ದವಾದದ್ದು, ತೆಳ್ಳನ್ನದು, ಮೈಯೆಲ್ಲ ಮುದುಕಿಯ ಕೆನ್ನೆಯ ಹಾಗೆ ಸುಕ್ಕು. ಖಾರದಲ್ಲಿ ಗುಂಟೂರಿನ ಕಾಯಿಯ ಮುಂದೆ ಇವೆರಡೂ ಸಾಧುಪ್ರಾಣಿಗಳು. ಬಣ್ಣದಲ್ಲಿ ಮಾತ್ರ ಇವುಗಳನ್ನು ಮೀರಿಸುವದು ಕಠಿಣ. ೨೦೧೧ರಲ್ಲಿ ಈ ಕಾಯಿಗೆ ಭೌಗೋಲಿಕ ಗುರುತಿನ ಮನ್ನಣೆಯೂ ದೊರೆಯಿತು. ಇದರ ಬಣ್ಣವನ್ನು ಎಣ್ಣೆಯ ರೂಪದಲ್ಲಿ ಹಿಂಡಿ ತೆಗೆದು ಪರದೇಶಗಳಿಗೆ ಕಳಿಸುತ್ತಾರೆ. ಅಲ್ಲಿ ಅದು ತಿನಿಸುಗಳಲ್ಲಿಯೂ, ನಾರಿಯರ ತುಟಿಯ ಬಣ್ಣದಲ್ಲಿಯೂ ಸೇರುವದೆಂದು ಕೇಳಿದಾಗ ನಮ್ಮ ತಾಯಿ ಮೂಗಿನ ಮೇಲೆ ಬೆರಳಿಟ್ಟುಕೊಂಡಿದ್ದಳು.

ನಮ್ಮ ಮನೆತನವು ನಾಲ್ಕು ತಲೆಮಾರುಗಳಿಂದ ಈ ಕೆಂಪಿನ ಮೇಲೆಯೇ ಬದುಕುತ್ತ ಬಂದಿದೆ. ಇಂದು ಹಾವೇರಿ ಜಿಲ್ಲೆಯಲ್ಲಿ ಎತ್ತ ನೋಡಿದರೂ ಗೋವಿನಜೋಳ, ಇಲ್ಲವೆ ಹತ್ತಿ. ಪೇಟೆಗೆ ಬರುವ ಕಾಯಿಯಲ್ಲಿ ಬಹುಪಾಲು ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯದು. ಆದರೂ ನಾವು ಎರಡು ಎಕರೆಯಲ್ಲಿ ಡಬ್ಬಿಯನ್ನು ಬಿಡದೆ ಬೆಳೆಯುತ್ತಿದ್ದೇವೆ. ಲಾಭಕ್ಕೆಂದು ಅಲ್ಲ, ಬಿಟ್ಟರೆ ಜನ ಏನೆಂದಾರು ಎಂಬ ಸಂಕೋಚವೇ ಅದಕ್ಕೆ ಮುಖ್ಯ ಕಾರಣವೆಂದು ಒಪ್ಪಿಕೊಳ್ಳಬೇಕು. ಹೀಗಿರಲಾಗಿ, ಮೂರು ವರುಷಗಳ ಹಿಂದೆ ಇನ್ನೊಂದು ಬಗೆಯ ಕೆಂಪು ನಮ್ಮ ಮನೆಯ ಹೊಸತಿಲನ್ನು ದಾಟಿ ಬಂದಿತು. ಅದು ಬಂದದ್ದು ಬಾಟಲಿಯಲ್ಲಿ. ಆ ವೃತ್ತಾಂತವನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ.

ನಮ್ಮದು ಮದ್ಯವೆಂಬ ಶಬ್ದವನ್ನೇ ಉಚ್ಚರಿಸದ ಮನೆ. ಅಜ್ಜನ ಕಾಲದಿಂದಲೂ ಹಾಗೆ. ನಮ್ಮ ತಾಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು ೧೯೩೦ರಲ್ಲಿ ಗಾಂಧೀಜಿಯವರ ಸಂಗಡ ದಾಂಡಿಗೆ ನಡೆದವರೆಂಬುದು ಸರ್ವರಿಗೂ ತಿಳಿದದ್ದೇ. ಆ ಗಾಳಿ ಬೀಸಿದಾಗ ನಮ್ಮಜ್ಜನೂ ಸೇಂದಿಯ ಅಂಗಡಿಯ ಮುಂದೆ ಅಡ್ಡ ಕುಳಿತು ಬೈಗಳು ತಿಂದವನು. ಮುಂದೆ ಮುಂಬಯಿ ಸರಕಾರವು ೧೯೪೯ರಲ್ಲಿ ಪಾನನಿರೋಧದ ಕಾಯದೆಯನ್ನು ಮಾಡಿದಾಗ, ಅದು ತನ್ನೊಬ್ಬನ ಗೆಲವೆಂಬಂತೆ ಅವನು ಊರಿಗೆಲ್ಲ ಸಕ್ಕರೆ ಹಂಚಿದನಂತೆ. ಧಾರವಾಡ ಜಿಲ್ಲೆ ಆಗ ಮುಂಬಯಿ ರಾಜ್ಯದಲ್ಲಿತ್ತು. ಹಾವೇರಿ ಬೇರೆ ಜಿಲ್ಲೆಯಾದದ್ದು ೧೯೯೭ರಲ್ಲಿ. ಇಷ್ಟೆಲ್ಲ ಇದ್ದರೂ ಅದೇ ಮನೆಯ ಗೂಡಿನಲ್ಲಿ ನಮ್ಮಜ್ಜಿಯ ದ್ರಾಕ್ಷಾಸವದ ಸೀಸೆ ಇದ್ದೇ ಇರುತ್ತಿತ್ತು. ಊಟವಾದ ಮೇಲೆ ಎರಡು ಚಮಚ, ಅಷ್ಟೇ ನೀರು. ಒಣದ್ರಾಕ್ಷಿ, ಬೆಲ್ಲ, ಧಾತಕೀ ಹೂವು ಇವನ್ನು ಕೂಡಿಸಿ, ಮಡಕೆಯ ಬಾಯಿ ಮುಚ್ಚಿ ಇಟ್ಟರೆ ಅದರಲ್ಲಿ ತಾನಾಗಿಯೇ ಮದ್ಯಾಂಶ ಹುಟ್ಟುತ್ತದೆಂಬುದನ್ನು ಅಜ್ಜನಿಗೆ ಯಾರೂ ತಿಳಿಸಲಿಲ್ಲ. ವೈದ್ಯರು ಕೊಟ್ಟದ್ದು ಔಷಧ, ಅಂಗಡಿಯವನು ಕೊಟ್ಟದ್ದು ಮದ್ಯ; ಅವನ ಧರ್ಮಶಾಸ್ತ್ರ ಅಷ್ಟು ಸರಳವಾಗಿತ್ತು.

ನನ್ನ ತಮ್ಮನ ವಿಷಯವನ್ನು ಬರೆಯಬೇಕೋ ಬೇಡವೋ ಎಂದು ಬಹಳ ದಿವಸ ಯೋಚಿಸಿದೆ. ಅವನನ್ನು ಬಿಟ್ಟರೆ ಈ ಕಥೆಗೆ ಅರ್ಥವಿಲ್ಲ. ಅವನು ಬ್ಯಾಡಗಿಯಲ್ಲಿ ದಲಾಲರೊಬ್ಬರ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ. ಕೈಬರಹ ಮುತ್ತಿನ ಹಾಗೆ. ಕಾಯಿಯನ್ನು ಮುಷ್ಟಿಯಲ್ಲಿ ಹಿಡಿದು ಒಮ್ಮೆ ಅಲುಗಿಸಿದನೆಂದರೆ, ಬೀಜದ ಸದ್ದಿನಿಂದಲೇ ತೇವ ಎಷ್ಟಿದೆಯೆಂದು ಹೇಳಬಲ್ಲವನಾಗಿದ್ದ. ಪೇಟೆಯ ದಿನ ಸಂಜೆಗೆ ಕೈಯಲ್ಲಿ ರೊಕ್ಕ ಬರುತ್ತಿತ್ತು. ರೊಕ್ಕದ ಸಂಗಡ ಗೆಳೆಯರು, ಗೆಳೆಯರ ಸಂಗಡ ಸಾರಾಯಿಯ ಪಾಕೀಟು. ಮೊದಲು ಗುರುವಾರಕ್ಕೊಮ್ಮೆ, ಆಮೇಲೆ ವಾರದಲ್ಲಿ ಗುರುವಾರಗಳೇ ಹೆಚ್ಚಾದವು. ನಾನು ಆಗ ರಾಣೇಬೆನ್ನೂರಿನಲ್ಲಿ ಶಿಕ್ಷಕನಾಗಿದ್ದೆ. ರವಿವಾರಕ್ಕೊಮ್ಮೆ ಬಂದು ಉಪದೇಶ ಮಾಡಿ ಹೋಗುತ್ತಿದ್ದೆ. ಉಪದೇಶ ಮಾಡುವದು ನನಗೆ ಸಂಬಳ ತರುತ್ತಿದ್ದ ಕೆಲಸ. ಅದರಿಂದ ಆಗುವದೇನೂ ಇಲ್ಲವೆಂಬುದು ನನಗೇ ತಿಳಿಯಬೇಕಾಗಿತ್ತು. ೧೯೯೮ರಲ್ಲಿ ಹಾವೇರಿಯ ಆಸ್ಪತ್ರೆಯಲ್ಲಿ ಹೊಟ್ಟೆಯಲ್ಲಿ ನೀರು ತುಂಬಿ ಅವನು ತೀರಿಕೊಂಡ. ವಯಸ್ಸು ಮೂವತ್ತೆಂಟು. ಮಗನಿಗೆ ಆಗ ಎಂಟು ವರುಷ.

ಸರಕಾರವು ಸಾರಾಯಿಯನ್ನು ನಿಲ್ಲಿಸಿದ್ದು ೨೦೦೭ರಲ್ಲಿ. ನಮ್ಮ ಮಟ್ಟಿಗೆ ಒಂಬತ್ತು ವರುಷ ತಡವಾಯಿತು. ಅದೇ ೨೦೦೭ರಲ್ಲಿ ಅದೇ ಸರಕಾರವು ದ್ರಾಕ್ಷಿಯ ಸಂಸ್ಕರಣೆ ಮತ್ತು ವೈನಿನ ಸಲುವಾಗಿ ಒಂದು ನೀತಿಯನ್ನೂ ಹೊರಡಿಸಿತೆಂಬುದು ಆಗ ನನ್ನ ಗಮನಕ್ಕೆ ಬರಲಿಲ್ಲ. ಬಂದಿದ್ದರೂ ಅದಕ್ಕೂ ನಮಗೂ ಸಂಬಂಧ ಬಂದೀತೆಂದು ಊಹಿಸುತ್ತಿರಲಿಲ್ಲ.

ತಮ್ಮನ ಹೆಂಡತಿಯ ತವರುಮನೆ ವಿಜಾಪುರದ ಕಡೆ, ತಿಕೋಟೆಯ ಹತ್ತಿರದ ಒಂದು ಹಳ್ಳಿ. ಆ ಸೀಮೆ ಈಗ ದ್ರಾಕ್ಷಿಯ ಸೀಮೆ. ಆಕೆ ಮದುವೆಯಾಗಿ ಬಂದಾಗ ಅಲ್ಲಿ ಬಿಳಿಜೋಳ, ಕುಸುಬಿಯ ಹೊರತು ಮತ್ತೇನೂ ಇರಲಿಲ್ಲವಂತೆ. ಗಂಡನು ತೀರಿಕೊಂಡ ಮೇಲೆ ಆಕೆ ತವರಿಗೆ ಹೋಗಲಿಲ್ಲ; ನಮ್ಮಲ್ಲಿಯೇ ಉಳಿದಳು. ಹೊಲದ ಕೆಲಸ ಆಕೆಯದೇ. ನನ್ನ ಹೆಸರಿನಲ್ಲಿ ಉತಾರೆ ಇದ್ದರೂ, ಡಬ್ಬಿಯ ಬೀಜವನ್ನು ಆರಿಸುವದರಿಂದ ಹಿಡಿದು ಕಾಯಿ ಬಿಡಿಸುವ ಹೆಣ್ಣಾಳುಗಳಿಗೆ ಕೂಲಿ ಕೊಡುವವರೆಗೆ ಎಲ್ಲವೂ ಆಕೆಯ ಕೈಯಲ್ಲಿ. ಮಗನು ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಓದಿ ಪದವೀಧರನಾದ. ನೌಕರಿ ಹಿಡಿಯುವನೆಂದು ನಾವು ಕಾಯುತ್ತಿರಲು, ಸೋದರಮಾವನ ತೋಟಕ್ಕೆ ಹೋದವನು ಅಲ್ಲಿಯೇ ನಿಂತುಬಿಟ್ಟ. ಮಾವನ ಮಗಳನ್ನೇ ಮದುವೆಯಾದ. ಅದಕ್ಕೆ ಯಾರ ತಕರಾರೂ ಇರಲಿಲ್ಲ. ನಾಲ್ಕು ಎಕರೆಯಲ್ಲಿ ಮೂರು ಎಕರೆ ಒಣದ್ರಾಕ್ಷಿಗೆಂದು ಬೆಳೆಯುವ ಬಿಳಿಯ ಹಣ್ಣು; ಉಳಿದ ಒಂದು ಎಕರೆ ಕರಿಯ ಹಣ್ಣು, ಶಿರಾಜ್ ಎಂಬ ಜಾತಿಯದು, ಕೆಂಪು ವೈನಿಗೆಂದೇ ಬೆಳೆಯುವದು. ಈ ಕೊನೆಯ ಒಂದು ಎಕರೆಯ ಸಂಗತಿಯನ್ನು ಮಾವ, ಅಳಿಯ ಇಬ್ಬರೂ ಕೂಡಿ ಆಕೆಯಿಂದ ಮುಚ್ಚಿಟ್ಟಿದ್ದರು. ನನಗೆ ತಿಳಿದದ್ದು ಅಲ್ಲಿಗೆ ಹೋದ ಮೇಲೆ.

ಹೋದದ್ದು ಫೆಬ್ರುವರಿಯ ಕೊನೆಗೆ. ಅವರ ಮನೆಯಲ್ಲಿ ತೊಟ್ಟಿಲ ಕಾರ್ಯವಿತ್ತು. ತಮ್ಮನ ಹೆಂಡತಿ ಕಾರ್ಯ ಮುಗಿಸಿಕೊಂಡು ಮರುದಿವಸವೇ, ಕಾಯಿ ಒಣಗಲು ಹಾಕಿದ್ದೇನೆಂದು ಹೇಳಿ ಹಿಂತಿರುಗಿದಳು. ನಾನು ನಾಲ್ಕು ದಿವಸ ಉಳಿದೆ. ಒಂದು ಬೆಳಗಿನ ನಾಲ್ಕು ಗಂಟೆಗೆ ಹುಡುಗನು ಬಂದು ಎಬ್ಬಿಸಿದ. "ದೊಡ್ಡಪ್ಪಾ, ಹಣ್ಣ ಕೊಯ್ಯಾಕ ಹೊಂಟೇವಿ, ಬರ್ತೀರೇನ್ರಿ?" ಎಂದ. ಇಷ್ಟು ಹೊತ್ತಿಗೆ ಏಕಪ್ಪಾ ಎಂದರೆ, ಬಿಸಿಲು ಏರಿದ ಮೇಲೆ ಕೊಯ್ದ ಹಣ್ಣು ದಾರಿಯಲ್ಲಿಯೇ ಕಾದು ಕುದಿಯಹತ್ತುವದೆಂದೂ, ತಂಪಿನಲ್ಲಿ ಕೊಯ್ದರೆ ಅದರ ವಾಸನೆ ಉಳಿಯುವದೆಂದೂ ಹೇಳಿದ. ತಲೆಗೆ ದೀಪ ಕಟ್ಟಿಕೊಂಡ ಹೆಣ್ಣುಮಕ್ಕಳು ಸಾಲುಸಾಲಾಗಿ ಬಳ್ಳಿಯ ಕೆಳಗೆ ಕುಳಿತಿದ್ದರು. ಆ ಬೆಳಕಿನಲ್ಲಿ ಗೊಂಚಲುಗಳು ಕಪ್ಪಗೆ, ಮೇಲೆ ಬೂದಿ ಉಜ್ಜಿದ ಹಾಗೆ ಕಾಣುತ್ತಿದ್ದವು. ಕಾಳು ಬಹಳ ಸಣ್ಣ. ಪೇಟೆಯಲ್ಲಿ ನಾವು ಕೊಳ್ಳುವ ದ್ರಾಕ್ಷಿಯ ಅರ್ಧವೂ ಇರಲಿಲ್ಲ.

"ಇಷ್ಟ್ ಸಣ್ಣ ಯಾಕೋ? ನೀರ ಕಡಿಮಿ ಆತೇನು?" ಎಂದು ಕೇಳಿದೆ.

ಅವನು ನಕ್ಕು ಒಂದು ಕಾಳನ್ನು ನನ್ನ ಅಂಗೈಯಲ್ಲಿ ಹಿಚುಕಿದ. ರಸ ಬೆಳ್ಳಗಿತ್ತು! ಕರಿಯ ಹಣ್ಣಿನೊಳಗೆ ಎಳನೀರಿನಂಥ ರಸ. ಹಿಚುಕಿದ ಸಿಪ್ಪೆಯನ್ನು ಬೆರಳಿನಿಂದ ತಿಕ್ಕಿದಾಗ ಮಾತ್ರ ಅಂಗೈ ನೇರಳೆಯ ಬಣ್ಣಕ್ಕೆ ತಿರುಗಿತು. ಕೆಂಪೆಲ್ಲ ಸಿಪ್ಪೆಯಲ್ಲಿಯೇ ಇರುವದು. ಕಾಳು ಸಣ್ಣದಾದಷ್ಟೂ ರಸದ ಪ್ರಮಾಣಕ್ಕೆ ಸಿಪ್ಪೆ ಹೆಚ್ಚು, ಸಿಪ್ಪೆ ಹೆಚ್ಚಿದಷ್ಟೂ ಬಣ್ಣವೂ ಒಗರೂ ಹೆಚ್ಚು. ತಿನ್ನುವ ಹಣ್ಣಿಗೆ ಕಾಳು ದಪ್ಪವಾಗಲೆಂದು ಗೊಂಚಲನ್ನು ಜಿಬ್ಬರೆಲಿಕ್ ಎಂಬ ಔಷಧದಲ್ಲಿ ಅದ್ದಬೇಕಾಗುತ್ತದೆ. ನೀರನ್ನೂ ಧಾರಾಳವಾಗಿ ಬಿಡಬೇಕು. ಈ ಹಣ್ಣಿಗೆ ಅದೊಂದೂ ಬೇಡ. ಬೇಕೆಂದೇ ಬಳ್ಳಿಯನ್ನು ಸ್ವಲ್ಪ ಬಾಯಾರಿಸಿ ಇಡುತ್ತಾರೆ. ನನಗೆ ಒಮ್ಮೆಲೆ ನಮ್ಮ ಕಾಯಿಯ ನೆನಪಾಯಿತು. ಅದರ ಒಳಗಾದರೂ ಇರುವದೇನು? ಹಳದಿಯ ಬೀಜ, ಬೆಳ್ಳಗಿನ ತಿರುಳಿನ ಎಳೆ. ನಾಲ್ಕು ತಲೆಮಾರಿನಿಂದ ನಾವು ಮಾರುತ್ತ ಬಂದದ್ದು ಸಿಪ್ಪೆಯನ್ನೇ ಎಂಬುದು ಆ ದಿನದವರೆಗೆ ನನಗೆ ಹೊಳೆದಿರಲಿಲ್ಲ.

ಬೆಳಕು ಹರಿದ ಮೇಲೆ ತೋಟವನ್ನು ನೋಡಿದೆ. ಕಲ್ಲುಮಿಶ್ರಿತ ತೆಳುವಾದ ಕರಿಯ ನೆಲ. ಸಾಲುಗಳ ನಡುವೆ ಬರಿಯ ಮಣ್ಣು ಕಾಣುವ ಬದಲು ಹುಲ್ಲು, ಅಲಸಂದಿ, ಒಣಗಿದ ಸೆಣಬಿನ ಕಡ್ಡಿಗಳ ಹಾಸಿಗೆ. ಸೆಣಬನ್ನು ಬಿತ್ತಿ, ಹೂವಾಡುವ ಹೊತ್ತಿಗೆ ಕತ್ತರಿಸಿ ಅಲ್ಲಿಯೇ ಕೆಡವುತ್ತಾರೆ. ಅದು ನೆಲವನ್ನು ತಂಪಾಗಿಟ್ಟು ಗೊಬ್ಬರವೂ ಆಗುತ್ತದೆ. ಸುಗ್ಗಿ ಮುಗಿದ ಬಳಿಕ ಕುರಿಗಾರರನ್ನು ಕರೆದು ಹಿಂಡನ್ನು ನಿಲ್ಲಿಸಿಕೊಳ್ಳುತ್ತಾರೆ. ಸೆಗಣಿ, ಗಂಜಲ, ಬೆಲ್ಲ, ಬೇಳೆಯ ಹಿಟ್ಟು ಕಲಸಿದ ಜೀವಾಮೃತದ ಪೀಪಾಯಿಗಳು ಬಾವಿಯ ಹತ್ತಿರ ಸಾಲಾಗಿ ನಿಂತಿದ್ದವು. ಬಳ್ಳಿಗಳಿಗೆ ವರುಷಕ್ಕೆ ಎರಡು ಬಾರಿ ಕತ್ತರಿ ಬೀಳುತ್ತದೆ. ಚಾಟನಿಯೆಂದು ಅವರ ಮಾತು. ಏಪ್ರಿಲ್ ತಿಂಗಳಿನದು ಕಡ್ಡಿಯನ್ನು ಬೆಳೆಸುವದಕ್ಕೆ, ಅಕ್ಟೋಬರದ್ದು ಹಣ್ಣಿಗೆ. ಚಳಿಯ ದೇಶಗಳಲ್ಲಿ ಬಳ್ಳಿ ಎಲೆಯುದುರಿಸಿ ತಾನಾಗಿ ಮಲಗುತ್ತದೆ; ನಮ್ಮಲ್ಲಿ ಅದಕ್ಕೆ ನಿದ್ದೆಯಿಲ್ಲ, ಆದ್ದರಿಂದ ಮನುಷ್ಯನೇ ಕತ್ತರಿಯಿಂದ ಋತುವನ್ನು ಮಾಡಿಕೊಡಬೇಕು. ಬಳ್ಳಿಯ ಬೇರು ಕೂಡ ಅದರದಲ್ಲ. ಡಾಗ್‌ರಿಜ್ ಎಂಬ ಅಮೇರಿಕದ ಕಾಡುದ್ರಾಕ್ಷಿಯ ಬೇರಿಗೆ ಫ್ರಾನ್ಸಿನ ಬಳ್ಳಿಯನ್ನು ಕಸಿ ಕಟ್ಟಿದ್ದಾರೆ. ಸವಳು ನೀರನ್ನು, ನೀರಿನ ಕೊರತೆಯನ್ನು ಆ ಬೇರು ತಾಳುತ್ತದೆ. ಶಿರಾಜ್ ಎಂಬ ಹೆಸರು ಕೇಳಿ, ಇರಾಣದ ಶಿರಾಜ್ ಪಟ್ಟಣದಿಂದ ಆದಿಲಶಾಹರ ಕಾಲಕ್ಕೆ ಬಂದಿರಬೇಕೆಂದು ನಾನು ಪಾಂಡಿತ್ಯ ತೋರಿಸಿದೆ. ಹುಡುಗನು ಸಂಕೋಚದಿಂದ, ಹಾಗಲ್ಲವೆಂದೂ, ಅದು ಫ್ರಾನ್ಸಿನ ರೋನ್ ನದಿಯ ಸೀಮೆಯಲ್ಲಿಯೇ ಎರಡು ಜಾತಿಗಳು ಕೂಡಿ ಹುಟ್ಟಿದ್ದೆಂದು ವಂಶಪರೀಕ್ಷೆಯಿಂದ ಸಿದ್ಧವಾಗಿದೆಯೆಂದೂ ಹೇಳಿದ. ಇರಲಿ. ನಮ್ಮ ಮೆಣಸಿನಕಾಯಿಯಾದರೂ ಪೋರ್ತುಗೀಜರ ಹಡಗಿನಲ್ಲಿ ಅಮೇರಿಕದಿಂದ ಬಂದದ್ದಲ್ಲವೇ? ಪರದೇಶದ್ದೆಂದು ಯಾರನ್ನು ಹೊರಗಿಡೋಣ!

ಒಂದು ಮೂಲೆಯಲ್ಲಿ ಮೈಲುತುತ್ತ, ಸುಣ್ಣಗಳ ಚೀಲಗಳನ್ನು ಕಂಡು, "ವಿಷ ಹಾಕೂದಿಲ್ಲ ಅಂದಿದ್ದೆಲ್ಲೋ?" ಎಂದು ಕೆಣಕಿದೆ. ಬೂಜುರೋಗಕ್ಕೆ ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ೧೮೮೦ರ ದಶಕದಲ್ಲಿ ಕಂಡುಹಿಡಿದ ದ್ರಾವಣವೇ ಇಂದಿಗೂ ಸಾವಯವದವರ ಆಧಾರವೆಂದೂ, ತಾಮ್ರವೂ ನೆಲದಲ್ಲಿ ಸೇರುತ್ತ ಹೋಗುವದರಿಂದ ಅದನ್ನೂ ಅಳತೆಯಿಂದ ಹಾಕಬೇಕೆಂದೂ ಒಪ್ಪಿಕೊಂಡ. ಅವನು ಒಪ್ಪಿಕೊಂಡ ರೀತಿ ನನಗೆ ಮೆಚ್ಚಿಗೆಯಾಯಿತು. ನಮ್ಮ ಜನ ಹೊಸದೊಂದನ್ನು ಹಿಡಿದರೆಂದರೆ ಅದರಲ್ಲಿ ಹುಳುಕೇ ಇಲ್ಲವೆಂದು ಸಾಧಿಸುವವರೇ ಹೆಚ್ಚು.

ಹಣ್ಣನ್ನು ಮನೆಯಲ್ಲಿ ಕೊಳೆಹಾಕಲು ಪರವಾನಿಗೆ ಇಲ್ಲ. ಹತ್ತಿರದ ಒಂದು ಸಣ್ಣ ಕಾರ್ಖಾನೆಗೆ ಕೊಡಬೇಕು. ಇದಕ್ಕಿಂತ ಮುಂಚೆ ಬೇರೊಂದು ಕಾರ್ಖಾನೆಯವರು ಕರಾರು ಮಾಡಿಕೊಂಡು, ಹಣ್ಣು ಕೊಯ್ಲಿಗೆ ಬಂದ ಹೊತ್ತಿಗೆ ಒಲ್ಲೆವೆಂದರಂತೆ. ಈ ಹಣ್ಣನ್ನು ಪೇಟೆಯಲ್ಲಿ ಯಾರೂ ಕೇಳುವದಿಲ್ಲ. ಅದು ಬಳ್ಳಿಯಲ್ಲಿಯೇ ಒಣಗಿತು. ಬೀಗರು ಅರ್ಧ ತೋಟವನ್ನು ಕಿತ್ತುಹಾಕಿದರು. ಆ ಕಾರ್ಖಾನೆಯ ಹೆಸರನ್ನು ಬರೆಯುವ ಅವಶ್ಯಕತೆಯಿಲ್ಲ. ಕನ್ನಡನಾಡಿನಲ್ಲಿ ಈ ಉದ್ಯೋಗದಲ್ಲಿ ಹೆಸರು ಗಳಿಸಿದವರೂ ಇದ್ದಾರೆ. ಕನ್ವಲ್ ಗ್ರೋವರ್ ಎಂಬವರು ೧೯೮೮ರಲ್ಲಿ ನಂದಿಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದ ಕಡೆ ಫ್ರಾನ್ಸಿನ ಬಳ್ಳಿಗಳನ್ನು ಹಚ್ಚಿ ದಾರಿ ಮಾಡಿದರು. ಹಂಪಿಯ ಕಡೆಯ ಕಲ್ಲುಬೆಟ್ಟಗಳ ನಡುವೆ ಕೃಷ್ಣಪ್ರಸಾದ ಚಿಗುರುಪಾಟಿ, ಉಮಾ ಎಂಬ ದಂಪತಿಗಳು ತಮ್ಮ ಇಬ್ಬರ ಹೆಸರನ್ನು ಬೆಸೆದು 'ಕೃಷ್ಮಾ' ಎಂದು ಕರೆದ ತೋಟವನ್ನು ಮಾಡಿದ್ದಾರೆ. ಅವರು ಏಳೂ ಖಂಡಗಳಲ್ಲಿ ಮ್ಯಾರಥಾನ್ ಓಡಿದವರು. ಅಂಥವರಿಗೆ ದಮ್ಮು ಬೇಕಾದಷ್ಟು ಇರಬಹುದು. ನಾಲ್ಕು ಎಕರೆಯ ಒಕ್ಕಲಿಗನು ಒಂದು ವರುಷದ ಹಣ್ಣನ್ನು ಕಳೆದುಕೊಂಡರೆ ಮುಂದಿನ ವರುಷಕ್ಕೆ ಓಡಲಾರ.

ಕಾರ್ಖಾನೆಯನ್ನೂ ನೋಡಿದೆ. ಹಣ್ಣನ್ನು ತೊಟ್ಟಿನಿಂದ ಬಿಡಿಸಿ, ಒಡೆದು, ಸಿಪ್ಪೆ ಬೀಜಗಳ ಸಹಿತ ದೊಡ್ಡ ಉಕ್ಕಿನ ಹಂಡೆಗಳಲ್ಲಿ ತುಂಬಿರುತ್ತಾರೆ. ಒಳಗಿನ ಸಕ್ಕರೆಯನ್ನು ಕಿಣ್ವವು ತಿನ್ನುತ್ತ ಹೋದಂತೆ ಮದ್ಯಾಂಶವೂ ಅಂಗಾರವಾಯುವೂ ಹುಟ್ಟುತ್ತವೆ. ಆ ವಾಯು ಸಿಪ್ಪೆಯನ್ನೆಲ್ಲ ಮೇಲಕ್ಕೆ ನೂಕಿ ಗಟ್ಟಿಯಾದ ಪದರನ್ನು ಕಟ್ಟುತ್ತದೆ. ದಿನಕ್ಕೆ ಎರಡು ಮೂರು ಬಾರಿ ಅದನ್ನು ಕೆಳಗೆ ಒತ್ತಬೇಕು, ಇಲ್ಲವೆ ರಸವನ್ನು ಅದರ ಮೇಲೆ ಸುರಿಯಬೇಕು. ಹಾಗೆ ಮಾಡಿದಾಗಲೇ ಕೆಂಪು ರಸಕ್ಕೆ ಇಳಿಯುವದು. ಖಾಲಿ ಮಾಡಿದ ಹಂಡೆಯೊಳಗೆ ಗಾಳಿ ಹಾಯಿಸದೆ ಯಾರೂ ಇಳಿಯಕೂಡದೆಂದು ಅಲ್ಲಿ ಹಲಗೆ ಬರೆದು ಹಚ್ಚಿದ್ದರು. ನಮ್ಮ ಕಡೆ ಹಗೇವಿಗೆ ಇಳಿಯುವದಕ್ಕಿಂತ ಮೊದಲು ದೀಪವನ್ನು ಬಿಟ್ಟು ನೋಡುತ್ತಿದ್ದರಲ್ಲ, ಅದೇ ಭಯ. ಹುಡುಗನು ಹಂಡೆಯ ಮೈಗೆ ಕಿವಿ ಹಚ್ಚಿ, ನನ್ನನ್ನೂ ಹಚ್ಚಿರೆಂದ. ಒಳಗೆ ಸಣ್ಣಗೆ ಚಿಟಿಚಿಟಿ ಸದ್ದು. "ಅವ್ವನ ರಂಜಕದ ಭರಣಿ ಹಿಂಗ ಸಪ್ಪಳ ಮಾಡ್ತಿತ್ತಲ್ರಿ ದೊಡ್ಡಪ್ಪಾ. ಕಿವಿ ಹಚ್ಚಿ, ಹುಳಿ ಬಂತು ಅಂತಿದ್ಲು. ನಾ ಇದನ್ನ ಕಲತದ್ದು ಅಲ್ಲೇ" ಎಂದ. ಹಣ್ಣುಗಾಯಿಯನ್ನು ಉಪ್ಪು, ಬೆಳ್ಳುಳ್ಳಿ, ಲಿಂಬಿಯ ರಸಗಳೊಡನೆ ಕುಟ್ಟಿ ಭರಣಿಯಲ್ಲಿಡುವ ರಂಜಕವನ್ನು ನಾನು ಅರವತ್ತು ವರುಷ ತಿಂದಿದ್ದೇನೆ. ಒಮ್ಮೆಯೂ ಕಿವಿ ಹಚ್ಚಿದ್ದಿಲ್ಲ.

ಹಿಂದಿನ ವರುಷದ ವೈನನ್ನು ಸಣ್ಣ ಗಾಜಿನಲ್ಲಿ ಒಂದಿಷ್ಟು ಹಾಕಿ ನನ್ನ ಮುಂದೆ ಹಿಡಿದರು. ಕುಡಿದೆನೆಂದು ಹೇಳಲು ನಾಚಿಕೆಯಿದೆ, ಕುಡಿಯಲಿಲ್ಲವೆಂದರೆ ಸುಳ್ಳಾಗುತ್ತದೆ. ಒಂದು ಗುಟುಕು. ದ್ರಾಕ್ಷಾಸವದ ಸಿಹಿಯನ್ನು ನಿರೀಕ್ಷಿಸಿದ್ದ ನನ್ನ ನಾಲಿಗೆಗೆ ನೇರಳೆಹಣ್ಣಿನ ಒಗರು ಹತ್ತಿತು. ಆಮೇಲೆ ಕರಿಮೆಣಸಿನಂಥದೇನೋ ಗಂಟಲಲ್ಲಿ ಬಹಳ ಹೊತ್ತು ಉಳಿಯಿತು. ಕೆಟ್ಟದ್ದೆನಿಸಲಿಲ್ಲ, ಇನ್ನೊಂದು ಗುಟುಕು ಬೇಕೆಂದೂ ಎನಿಸಲಿಲ್ಲ.

ಆ ಸಂಜೆ ಬದುವಿನ ಮೇಲೆ ಕುಳಿತಾಗ, ಕೇಳಬಾರದೆಂದುಕೊಂಡಿದ್ದನ್ನು ಕೇಳಿಯೇಬಿಟ್ಟೆ. "ನಿಮ್ಮಪ್ಪ ನೆನಪಾಗೂದಿಲ್ಲೇನೋ ನಿನಗ?"

"ದಿನಾ ನೆನಪಾಗ್ತಾನ್ರಿ" ಎಂದ. ಸ್ವಲ್ಪ ತಡೆದು, "ಅಪ್ಪ ಕುಡದದ್ದು ಎಲ್ಲಿ ತಯಾರಾತು, ಯಾರ್ ಮಾಡಿದ್ರು, ಅದರಾಗ ಏನಿತ್ತು, ಯಾರಿಗೂ ಗೊತ್ತಿದ್ದಿಲ್ಲ. ಇದರಾಗಿನ ಒಂದೊಂದ್ ಬಳ್ಳಿ ನನಗ ಗೊತ್ತದ. ಊಟದ ಜೋಡಿ ಒಂದ್ ಗಾಜು ಕುಡಿಯೂ ಮಂದಿ ಇದನ್ನ ಕೊಳ್ತಾರ. ಕುಡುದು ಬೀಳಾಕ ಇಷ್ಟ್ ರೊಕ್ಕ ಯಾರೂ ಕೊಡೂದಿಲ್ರಿ" ಎಂದ.

ಮಾತು ಚೆನ್ನಾಗಿತ್ತು. ಆದರೆ ಅದು ನನಗೆ ಪೂರಾ ಒಪ್ಪಿಗೆಯಾಗಲಿಲ್ಲ. ಹಣ್ಣು ಯಾವ ಹೊಲದ್ದೆಂದು ಯಕೃತ್ತು ಕೇಳುವದಿಲ್ಲ. ಜಾಗತಿಕ ಆರೋಗ್ಯ ಸಂಸ್ಥೆಯು ೨೦೨೩ರಲ್ಲಿ, ಇಷ್ಟು ಕುಡಿದರೆ ಅಪಾಯವಿಲ್ಲವೆಂದು ಹೇಳಬಹುದಾದ ಪ್ರಮಾಣವೇ ಇಲ್ಲವೆಂದು ಸಾರಿತು. ಕೆಂಪು ವೈನು ಹೃದಯಕ್ಕೆ ಒಳ್ಳೆಯದೆಂದು ಮೊದಲು ನಾವು ಓದುತ್ತಿದ್ದ ಲೇಖನಗಳು ಎಲ್ಲಿ ಹೋದವೋ! ಇದನ್ನೆಲ್ಲ ಅವನಿಗೆ ಹೇಳಿದೆ. ಅವನು ವಾದಿಸಲಿಲ್ಲ. ನೆಲದಿಂದ ಒಂದು ಹಿಡಿ ಮಣ್ಣು ತೆಗೆದು, ಅದರೊಳಗಿನ ಎರೆಹುಳುವನ್ನು ನನಗೆ ತೋರಿಸಿ, ಮತ್ತೆ ಅಲ್ಲಿಯೇ ಇಟ್ಟು ಹುಲ್ಲು ಮುಚ್ಚಿದ. ನನ್ನ ಮಾತಿಗೆ ಅದು ಉತ್ತರವಾಗಿತ್ತೋ ಇಲ್ಲವೋ ನನಗೆ ಈಗಲೂ ತಿಳಿಯದು. ನಾನು ಮಾತ್ರ ರವಿವಾರದ ಉಪದೇಶವನ್ನು ಮತ್ತೊಮ್ಮೆ ಮಾಡಿದೆನೆಂದು ಮನಸ್ಸಿಗೆ ಚುಚ್ಚಿತು.

ಆ ವರುಷದ ಎಳ್ಳಮಾಸಿಗೆ ಅವನು ಹೆಂಡತಿ, ಮಗುವಿನೊಡನೆ ಊರಿಗೆ ಬಂದ. ನಮ್ಮ ಕಡೆ ಸೀಗಿಹುಣ್ಣಿವೆಯ ಚರಗವೇ ದೊಡ್ಡದು. ಎಳ್ಳಮಾಸಿಯ ಚರಗವು ನಮ್ಮ ಮನೆಗೆ ಬಂದದ್ದು ತಮ್ಮನ ಹೆಂಡತಿಯ ಸಂಗಡ. ಸಜ್ಜೆಯ ರೊಟ್ಟಿ, ಎಣ್ಣೆಗಾಯಿ, ಶೇಂಗಾದ ಹೋಳಿಗೆ, ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋದೆವು. ಡಬ್ಬಿ ಹಣ್ಣಾಗಿತ್ತು. ಚರಗ ಚೆಲ್ಲಿ, ಬನ್ನಿಯ ಗಿಡದ ನೆರಳಿನಲ್ಲಿ ಊಟಕ್ಕೆ ಕುಳಿತಾಗ ಅವನು ಚೀಲದಿಂದ ಬಾಟಲಿಯನ್ನು ತೆಗೆದು ತಾಯಿಯ ಮುಂದಿಟ್ಟ. "ಯವ್ವಾ, ಇದು ನಿನ್ನ ತವರಮನಿ ಹೊಲದ್ದು. ಬರೇ ಆ ಒಂದ್ ಎಕರೆದ್ದು" ಎಂದ.

ಆಕೆ ಅದನ್ನು ಮುಟ್ಟಲಿಲ್ಲ. ಎಣ್ಣೆಗಾಯಿಯ ಬುಟ್ಟಿಯನ್ನು ಅದರಿಂದ ಒಂದು ಗೇಣು ದೂರ ಸರಿಸಿದಳು. ಎಲ್ಲರಿಗೂ ಬಡಿಸಿದಳು, ಮಗನಿಗೆ ತುಸು ಹೆಚ್ಚೇ ಬಡಿಸಿದಳು. ನಮ್ಮ ಮನೆಯವರು ಮಗುವನ್ನೆತ್ತಿಕೊಂಡು ಆಚೆ ಹೋದರು. ಉಂಡು ಕೈ ತೊಳೆದ ಮೇಲೆ ಆಕೆ ನನ್ನ ಕಡೆಗೆ ತಿರುಗಿ, "ಭಾವಾರ, ನಿಮಗ ಗೊತ್ತಿತ್ತೇನ್ರಿ?" ಎಂದು ಕೇಳಿದಳು. ಗೊತ್ತಿತ್ತೆಂದೆ. ರುಚಿ ನೋಡಿದ್ದನ್ನೂ ಹೇಳಿದೆ. ಇಪ್ಪತ್ತೈದು ವರುಷಗಳಲ್ಲಿ ಆಕೆ ನನ್ನ ಮುಖವನ್ನು ನೇರವಾಗಿ ನೋಡಿದ್ದು ಅದೇ ಮೊದಲೆಂದು ಕಾಣುತ್ತದೆ.

"ವಾಸನಿ ಹೆಂಗಿತ್ರಿ?"

ನಾನು ಬೇರೆ ಯಾವ ಪ್ರಶ್ನೆಗೂ ಸಿದ್ಧನಾಗಿದ್ದೆ. ಅಂಗಿಯಿಂದ, ಹೊದಿಕೆಯಿಂದ, ಉಸಿರಿನಿಂದ ಬರುತ್ತಿದ್ದ ಆ ಪಾಕೀಟಿನ ವಾಸನೆಯೊಡನೆ ಆಕೆ ಹತ್ತು ವರುಷ ಸಂಸಾರ ಮಾಡಿದ್ದಳು. ಅವನು ತೀರಿಕೊಂಡ ಮೇಲೆ ಅವನ ಹ್ವಾದಡಿಯನ್ನು ಮೂರು ದಿವಸ ಬಿಸಿಲಿಗೆ ಹಾಕಿ, ಕೊನೆಗೆ ಸುಟ್ಟಳು.

"ಆ ವಾಸನಿ ಅಲ್ಲವಾ" ಎಂದೆ. "ನೇರಳಹಣ್ಣ ಬಿದ್ದ ನೆಲ ವಾಸನಿ ಬರ್ತದಲ್ಲ, ಹಂಗ."

ಆಕೆ ಏನೂ ಅನ್ನಲಿಲ್ಲ. ಬುತ್ತಿಯ ಬಟ್ಟೆಗಳನ್ನು ಜಾಡಿಸಿ ಮಡಚಿದಳು. ಹೊರಡುವಾಗ ಮಗನನ್ನು, "ಇದನ್ನ ಎಲ್ಲಿ ಇಡಬೇಕು?" ಎಂದು ಕೇಳಿದಳು. ಕತ್ತಲೆಯಲ್ಲಿ, ತಂಪಿನಲ್ಲಿ, ಅಡ್ಡ ಮಲಗಿಸಿ ಇಡಬೇಕು, ಬೂಚು ಒಣಗಬಾರದೆಂದು ಅವನು ಹೇಳಿದ. "ಎಷ್ಟ್ ದಿವಸ?" "ಐದ್ ವರ್ಷ ಇದ್ರೂ ನಡೀತದ ಯವ್ವಾ." "ಹಂಗಾರ ಅವಸರಿಲ್ಲ" ಎಂದಳು.

ನಮ್ಮ ಮನೆಯಲ್ಲಿ ಅಂಥ ಸ್ಥಳವೆಂದರೆ ನಡುಮನೆಯ ಹಿಂದಿನ ಕತ್ತಲಕೋಣೆಯೊಂದೇ. ಬೀಜದ ಜೋಳ, ಡಬ್ಬಿಯ ಬೀಜಗಾಯಿ, ರಂಜಕದ ಭರಣಿಗಳು ಇರುವದು ಅಲ್ಲಿಯೇ. ನಮ್ಮ ಜಿಲ್ಲೆಯ ಬಾಡದಲ್ಲಿ ಹುಟ್ಟಿದ ಕನಕದಾಸರ 'ರಾಮಧಾನ್ಯ ಚರಿತೆ'ಯಲ್ಲಿ ಅಕ್ಕಿಗೂ ರಾಗಿಗೂ ವ್ಯಾಜ್ಯವಾಗಿ, ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ಪರೀಕ್ಷಿಸಿದ ಪ್ರಸಂಗವನ್ನು ನಾನು ಎಷ್ಟೋ ವರುಷ ಮಕ್ಕಳಿಗೆ ಪಾಠ ಹೇಳಿದ್ದೇನೆ. ನಮ್ಮ ಕತ್ತಲಕೋಣೆಯಲ್ಲಿ ಡಬ್ಬಿಯೂ ದ್ರಾಕ್ಷಿಯೂ ಹಾಗೆಯೇ ಸೆರೆಬಿದ್ದವು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಡಬ್ಬಿಯ ಕೆಂಪು ಮಾಸಿ ಕಂದಾಗುತ್ತದೆ. ಅದಕ್ಕಾಗಿಯೇ ಬ್ಯಾಡಗಿಯ ಸುತ್ತಲೂ ಇಷ್ಟು ಶೀತಗೃಹಗಳು ಎದ್ದಿರುವದು. ಬಾಟಲಿಯೊಳಗಿನದು ಏನಾಯಿತೆಂದು ಹೊರಗಿನಿಂದ ತಿಳಿಯುವ ಹಾಗಿಲ್ಲ.

೨೦೨೪ರ ಮಾರ್ಚಿಯಲ್ಲಿ ಕಾಯಿಯ ಬೆಲೆ ಒಮ್ಮೆಲೆ ಇಳಿದು, ಬ್ಯಾಡಗಿಯ ಪೇಟೆಯಲ್ಲಿ ದೊಂಬಿಯಾಗಿ ವಾಹನಗಳು ಸುಟ್ಟವು. ಆ ರಾತ್ರಿ ಹುಡುಗನು ಫೋನು ಮಾಡಿ, ಎರಡು ಎಕರೆಯಲ್ಲಿ ಅರ್ಧದಷ್ಟಾದರೂ ಬೇರೆ ಏನಾದರೂ ಹಾಕಿರಿ ಎಂದು ತಾಯಿಗೆ ಹೇಳಿದ. ದ್ರಾಕ್ಷಿ ನಮ್ಮ ನೆಲಕ್ಕೆ, ನಮ್ಮ ಮಳೆಗೆ ಬರುವದಿಲ್ಲವೆಂದು ಅವನೇ ಅಂದನಂತೆ. ಆಕೆ ಆ ವರುಷವೂ ಡಬ್ಬಿಯನ್ನೇ ಹಾಕಿದಳು. ಗಂಡನು ಬೀಜ ಅಲುಗಿಸಿ ನೋಡುತ್ತಿದ್ದ ಕಾಯಿ ಅದು. ಬಿಡುವಳೆಂದು ನಾನೂ ಎಣಿಸಿರಲಿಲ್ಲ.

ಕಳೆದ ವಾರ ಬೀಜಗಾಯಿ ತರಲು ನಾನೇ ಕತ್ತಲಕೋಣೆಗೆ ಹೋಗಿದ್ದೆ. ಆಕೆ ಹಾವೇರಿಗೆ ಕಣ್ಣು ತೋರಿಸಲು ಹೋಗಿದ್ದಳು. ಭರಣಿಗಳ ಮೇಲೆ, ಜೋಳದ ಚೀಲಗಳ ಮೇಲೆ, ನಮ್ಮಜ್ಜಿಯ ಖಾಲಿ ದ್ರಾಕ್ಷಾಸವದ ಸೀಸೆಯ ಮೇಲೆ ಬೆರಳು ಆಡಿಸಿದರೆ ಗೆರೆ ಮೂಡುವಷ್ಟು ಧೂಳು. ಬಾಟಲಿ ಅಡ್ಡ ಮಲಗಿತ್ತು, ಕೆಳಗೆ ನಾಲ್ಕು ಮಡಿಕೆ ಮಾಡಿದ ಹಳೆಯ ಸೀರೆಯ ತುಂಡು. ಅದರ ಮೇಲೆ ಮಾತ್ರ ಧೂಳಿರಲಿಲ್ಲ.